ಕುರ್ಚಿಗೆ ಒಗ್ಗಿದ ಕಾಲು

ಇಳಕಲ್‌ನ ನೇಕಾರರು ನೆಲದಲ್ಲಿ ಕುಣಿ ತೋಡಿ ಕೂಡಿಸಿದ ಮಗ್ಗದ ಅಂಚಿಗೆ ಕುಳಿತು, ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ಸೀರೆ ನೇಯುತ್ತಾರೆ. ಹುನಗುಂದದ ಕಚೇರಿ, ಬ್ಯಾಂಕುಗಳ ನೌಕರರು ಕುರ್ಚಿಯಲ್ಲಿ ಕುಳಿತು ಕಡತ ಮುಗಿಸುತ್ತಾರೆ. ಪರೀಕ್ಷೆಗೆ ಓದುವ ವಿದ್ಯಾರ್ಥಿಗಳದೂ ಅದೇ ಪಾಡು. ಕೆಲಸ ಬೇರೆಯಾದರೂ ಮೂವರೂ ಮೊಣಕಾಲು ಮಡಿಸಿ ಗಂಟೆಗಟ್ಟಲೆ ಕುಳಿತವರೇ. ನೇಕಾರನ ಕಾಲಿಗೆ ಹಲಗೆ ತುಳಿಯುವ ಕೆಲಸವಾದರೂ ಇದೆ. ಗುಮಾಸ್ತನ ಮತ್ತು ವಿದ್ಯಾರ್ಥಿಯ ಕಾಲಿಗೆ ಅದೂ ಇಲ್ಲ. ಬಗ್ಗಿ ನೆಲದ ಮೇಲಿನ ಪೆನ್ನು ಎತ್ತಲು ಹೋದಾಗ ತೊಡೆಯ ಹಿಂಭಾಗ ಸೆಳೆದು ಹಿಡಿಯುವುದು ಇಂಥವರಲ್ಲಿ ಸಾಮಾನ್ಯ.

ಬಿಗಿಯುವುದು ಏಕೆ?

ತೊಡೆಯ ಹಿಂದೆ ಮೂರು ಉದ್ದನೆಯ ಸ್ನಾಯುಗಳಿವೆ. ಇವಕ್ಕೆ ಒಟ್ಟಾಗಿ ಹ್ಯಾಮ್‌ಸ್ಟ್ರಿಂಗ್ ಎಂದು ಹೆಸರು. ಕುಳಿತಾಗ ನೆಲಕ್ಕೆ ಒತ್ತುವ ಪೃಷ್ಠದ ಎಲುಬಿನಿಂದ ಹೊರಟು ಇವು ಮೊಣಕಾಲಿನ ಕೆಳಗೆ ಸೇರುತ್ತವೆ. ಮೊಣಕಾಲು ಮಡಿಸುವುದು, ಬಗ್ಗಿದ ದೇಹವನ್ನು ಮೇಲೆತ್ತುವುದು ಇವುಗಳ ಕೆಲಸ. ಎರಿಹೊಲದಲ್ಲಿ ಕಳೆ ತೆಗೆಯುವವರು, ಬಿಳಿಜೋಳ ಕೀಳುವವರು ದಿನಕ್ಕೆ ನೂರಾರು ಸಲ ಬಗ್ಗಿ ಏಳುತ್ತಾರೆ. ಕುರ್ಚಿಯಲ್ಲಿ ಕುಳಿತವರ ಈ ಸ್ನಾಯುಗಳಿಗೆ ಪೂರ್ತಿ ಚಾಚುವ ಸಂದರ್ಭವೇ ಬರುವುದಿಲ್ಲ. ಕ್ರಮೇಣ ಸ್ವಲ್ಪ ಎಳೆತವೂ ನೋವೆನಿಸತೊಡಗುತ್ತದೆ. ಆಗ ಬಗ್ಗುವಾಗ ತೊಡೆಯ ಕೀಲು ಸಾಕಷ್ಟು ಬಾಗದೆ ಬೆನ್ನೇ ಹೆಚ್ಚು ಬಾಗಬೇಕಾಗುತ್ತದೆ.

ಒತ್ತಿ ಬಗ್ಗಿಸಬಾರದು

ಮಗನ ಕೈ ಕಾಲ್ಬೆರಳಿಗೆ ಮುಟ್ಟಲಿಲ್ಲವೆಂದು ಬೆನ್ನ ಮೇಲೆ ಕೈಯಿಟ್ಟು ಒತ್ತುವ ಪಾಲಕರಿದ್ದಾರೆ. ಇದು ಅಪಾಯಕಾರಿ. ಹದಿಹರೆಯದಲ್ಲಿ ಈ ಸ್ನಾಯುಗಳು ಅಂಟಿಕೊಂಡಿರುವ ಪೃಷ್ಠದ ಎಲುಬಿನ ಭಾಗ ಇನ್ನೂ ಪೂರ್ತಿ ಬೆಸೆದಿರುವುದಿಲ್ಲ. ಜೋರಾಗಿ ಎಳೆದರೆ, ಇಲ್ಲವೆ ಓಟದಲ್ಲಿ ಹಠಾತ್ತನೆ ಜಗ್ಗಿದರೆ, ಸ್ನಾಯುವಿನ ಜೊತೆಗೆ ಎಲುಬಿನ ಚೂರೂ ಕಿತ್ತುಬರಬಹುದು. ಕಾಲ್ಬೆರಳು ಮುಟ್ಟುವುದೇ ಆರೋಗ್ಯದ ಅಳತೆಯೂ ಅಲ್ಲ. ಕೈ ಗಿಡ್ಡ, ಕಾಲು ಉದ್ದ ಇರುವವರಿಗೆ ಅದು ಸಹಜವಾಗಿಯೇ ಕಷ್ಟ.

ಸರಿಯಾದ ಕ್ರಮ

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಯೋಗಾಚಾರ್ಯ ಬಿ.ಕೆ.ಎಸ್. ಅಯ್ಯಂಗಾರರು ಬೆಲ್ಟು, ಮರದ ತುಂಡುಗಳ ನೆರವಿನಿಂದ ಆಸನ ಕಲಿಸುವ ಕ್ರಮವನ್ನು ಜಗತ್ತಿಗೆ ಪರಿಚಯಿಸಿದರು. ದೇಹವನ್ನು ಹಿಂಸಿಸದೆ ಆಸನದ ಲಾಭ ಪಡೆಯಲು ಇದು ಒಳ್ಳೆಯ ದಾರಿ. ಮನೆಯಲ್ಲಿ ಬೆಲ್ಟಿನ ಬದಲು ಟವೆಲ್ ಸಾಕು.

1. ಅಂಗಾತ ಮಲಗಿ ಒಂದು ಕಾಲನ್ನು ನೆಲದ ಮೇಲೆ ನೀಡಿರಬೇಕು. ಇನ್ನೊಂದು ಪಾದಕ್ಕೆ ಟವೆಲ್ ಹಾಕಿ, ಎರಡೂ ತುದಿ ಹಿಡಿದು, ಮೊಣಕಾಲು ನೇರವಾಗಿಟ್ಟು ನಿಧಾನವಾಗಿ ಮೇಲೆತ್ತಬೇಕು. ಹಿತವಾದ ಎಳೆತ ತಿಳಿದಲ್ಲಿ ನಿಲ್ಲಿಸಿ, ಸಹಜವಾಗಿ ಉಸಿರಾಡುತ್ತ 30 ಸೆಕೆಂಡು ಇರಬೇಕು. ನಂತರ ಕಾಲು ಬದಲಿಸಬೇಕು.

2. ಕಚೇರಿಯಲ್ಲಾದರೆ ಕುರ್ಚಿಯ ಅಂಚಿಗೆ ಸರಿದು, ಒಂದು ಕಾಲು ಮುಂದೆ ಚಾಚಿ ಹಿಮ್ಮಡಿಯನ್ನು ನೆಲಕ್ಕೂರಬೇಕು. ಬೆನ್ನು ಗೂನಾಗದಂತೆ ತೊಡೆಯ ಕೀಲಿನಿಂದ ಮುಂದಕ್ಕೆ ವಾಲಬೇಕು.

30 ಸೆಕೆಂಡೇ ಏಕೆ? ಅಮೆರಿಕದ ಬ್ಯಾಂಡಿ ಮತ್ತು ಇರಿಯನ್ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಾರಕ್ಕೆ 5 ದಿನದಂತೆ 6 ವಾರ ಹೀಗೆ ಚಾಚಿಸಿ ನೋಡಿದರು. 15 ಸೆಕೆಂಡಿಗಿಂತ 30 ಸೆಕೆಂಡು ಹೆಚ್ಚು ಫಲ ಕೊಟ್ಟಿತು. 60 ಸೆಕೆಂಡಿನಿಂದ ಅದಕ್ಕಿಂತ ಹೆಚ್ಚಿನ ಲಾಭವಾಗಲಿಲ್ಲ. ಆದ್ದರಿಂದ ಆತುರ ಬೇಡ, ನಿಯಮ ಬೇಕು. ಬಿಟ್ಟರೆ ಬಿಗಿತ ಮರಳುತ್ತದೆ.

ಗಮನಿಸಬೇಕಾದದ್ದು

ನೋವು ಮೊಣಕಾಲಿನ ಕೆಳಗೂ ಹರಿದರೆ, ಪಾದ ಜೋಮು ಹಿಡಿದರೆ ಅದು ಬೆನ್ನಿನ ನರದ ತೊಂದರೆ ಇರಬಹುದು. ಆಗ ಚಾಚುವುದನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಮುಂಜಾನೆಯ ಐದು ನಿಮಿಷದ ವ್ಯಾಯಾಮ ಇಡೀ ದಿನ ಕುಳಿತದ್ದಕ್ಕೆ ಪರಿಹಾರವೂ ಅಲ್ಲ. ಅರ್ಧ ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಬೇಕು. ಓದುವ ಹುಡುಗ ನಡುವೆ ಎದ್ದರೆ ಹೊತ್ತು ಹಾಳಾಯಿತೆಂದು ಗದರುವ ಬದಲು, ಕಚೇರಿಯಿಂದ ಬಂದ ತಂದೆಯೂ ಅವನ ಪಕ್ಕದಲ್ಲಿ ಚಾಪೆ ಹಾಸಿ ಟವೆಲ್ ಹಿಡಿದರೆ ಇಬ್ಬರ ಕಾಲಿಗೂ ಒಳ್ಳೆಯದು.