ಅಪ್ಪಂದಿರಿಗೂ ಅಂಗನವಾಡಿಯಲ್ಲಿ ಜಾಗವಿರಲಿ: ಒಂದು ಮನವಿ

ಗೆ,
ನಿರ್ದೇಶಕರು,
ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಎಳೆಯ ಮಕ್ಕಳ ತಂದೆಯರಿಗೂ ಅವರ ಕುಟುಂಬಗಳಿಗೂ ಊರಿನಲ್ಲೇ ತರಬೇತಿ, ನೆರವು ಒದಗಿಸುವ ಕುರಿತು.

ಮಾನ್ಯರೇ,

2018ರಲ್ಲಿ ಆರಂಭವಾದ ಪೋಷಣ್ ಅಭಿಯಾನದಡಿ ಅಂಗನವಾಡಿಗಳಲ್ಲಿ ನಡೆಸಬೇಕಾದ ಸಮುದಾಯ ಕಾರ್ಯಕ್ರಮಗಳಲ್ಲಿ ಅನ್ನಪ್ರಾಶನ ದಿನದಂತೆ ‘ಸುಪೋಷಣ ದಿನ’ವೂ ಒಂದು. ಗಂಡಂದಿರಿಗೆ ತಿಳಿವಳಿಕೆ ನೀಡುವುದು ಅದರ ವಿಶೇಷ ಉದ್ದೇಶ. ಅಂದರೆ ಅಪ್ಪಂದಿರನ್ನು ಕರೆಯಬೇಕೆಂಬುದು ಸರ್ಕಾರಕ್ಕೇ ಹೊಳೆದಿದೆ. ಆದರೆ ಕರೆಯುವ ಹೊತ್ತು ಸರಿಯಿಲ್ಲ. ಅಂಗನವಾಡಿ ನಡೆಯುವುದು ಹಗಲಲ್ಲಿ. ಗಾರೆ ಕೆಲಸದವನು, ಆಟೊ ಓಡಿಸುವವನು ಆ ಹೊತ್ತಿಗೆ ಬರಬೇಕೆಂದರೆ ದಿನದ ದುಡಿಮೆ ಬಿಡಬೇಕು. ಆಸಕ್ತಿಯೇ ಇಲ್ಲದ ಅಪ್ಪಂದಿರೂ ಇದ್ದಾರೆ, ಮನವಿದಾರರು ಅದನ್ನು ಮುಚ್ಚಿಡುವುದಿಲ್ಲ. ಆದರೆ ಬರಲಾಗದವರನ್ನೂ ಅದೇ ಸಾಲಿಗೆ ಸೇರಿಸುವುದು ಅನ್ಯಾಯ.

ಆದ್ದರಿಂದ ಸುಪೋಷಣ ದಿನದ ಸಭೆಯನ್ನು ಸಂಜೆ ಅಥವಾ ಊರಿನ ವಾರದ ರಜೆಯಂದು ನಡೆಸಬೇಕೆಂಬುದು ಮೊದಲ ಬೇಡಿಕೆ. ಭಾಷಣ ಬೇಡ. ಆರು ತಿಂಗಳು ತುಂಬಿದ ಕೂಸಿಗೆ ಏನು ಉಣ್ಣಿಸಬೇಕು, ಭೇದಿಯಾದರೆ ಓಆರ್‌ಎಸ್ ಹೇಗೆ ಕಲಸಬೇಕು, ಬಾಣಂತಿ ಮಂಕಾಗಿ ಕೂತರೆ ಯಾರನ್ನು ಕಾಣಬೇಕು ಎಂಬುದನ್ನು ಕೈಯಾರೆ ಮಾಡಿಸಿ ಕಲಿಸಲಿ. ಕಾರ್ಯಕರ್ತೆಯ ಹೆಚ್ಚುವರಿ ದುಡಿಮೆಗೆ ಹಣ ಕೊಡಬೇಕು. ಗೌರವಧನಕ್ಕಾಗಿ ಬೀದಿಗಿಳಿಯುತ್ತ ಬಂದವರ ಮೇಲೆ ಇನ್ನೊಂದು ಪುಕ್ಕಟೆ ಹೊರೆ ಹೇರಬಾರದು.

ಎರಡನೆಯದು ಆಸ್ಪತ್ರೆಯ ಮಾತು. ನವಜಾತ ಶಿಶುಗಳ ಆರೈಕೆಯಲ್ಲಿ ಮನೆಯವರನ್ನೂ ತೊಡಗಿಸಿಕೊಳ್ಳಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ತೂಕ ಕಡಿಮೆಯಿರುವ ಮಗುವನ್ನು ಬರಿಮೈಗೆ ಒತ್ತಿಟ್ಟುಕೊಳ್ಳುವ ಕಾಂಗರೂ ಆರೈಕೆಯನ್ನು ತಾಯಿಯೇ ಮಾಡಬೇಕೆಂದಿಲ್ಲ. ಆಕೆ ಸಿಸೇರಿಯನ್ ಆಗಿ ಮಲಗಿದ್ದಾಗ ಅಪ್ಪನ ಎದೆಯೂ ಅಷ್ಟೇ ಬೆಚ್ಚಗಿರುತ್ತದೆ. ಆರೋಗ್ಯ ಇಲಾಖೆಯೊಡನೆ ಮಾತಾಡಿ, ಜಿಲ್ಲಾಸ್ಪತ್ರೆಗಳಲ್ಲಿ ಅಪ್ಪಂದಿರಿಗೆ ಈ ಆರೈಕೆ ಕಲಿಸುವ ವ್ಯವಸ್ಥೆ ಮಾಡಿಸಬೇಕು.

ರಜೆಯ ವಿಷಯಕ್ಕೆ ಬಂದರೆ ತಾರತಮ್ಯ ಢಾಳಾಗಿದೆ. ಸರ್ಕಾರಿ ನೌಕರನಿಗೆ 15 ದಿನಗಳ ಪಿತೃತ್ವ ರಜೆಯುಂಟು. ಖಾಸಗಿ ನೌಕರನಿಗೆ ಅಂಥ ರಜೆ ಕೊಡಲೇಬೇಕೆನ್ನುವ ಕಾನೂನಿಲ್ಲ. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿಯಾದಾಗ ತಾಯಿಯ ರಜೆ 26 ವಾರಕ್ಕೇರಿತು. 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಕಡೆ ಶಿಶುಪಾಲನಾ ಕೇಂದ್ರವೂ, ಅಲ್ಲಿಗೆ ದಿನಕ್ಕೆ ನಾಲ್ಕು ಸಲ ಹೋಗಿಬರುವ ಹಕ್ಕೂ ಆಕೆಗೆ ದಕ್ಕಿದವು. ಅಪ್ಪನ ಸುದ್ದಿಯೇ ಇಲ್ಲ! ಹೀಗಾಗಿ ಮಗುವಿನ ಹೊಣೆಯೆಲ್ಲ ತಾಯಿಯದೇ ಎಂದು ಕಾನೂನೇ ಹೇಳಿದಂತಾಗಿದೆ. ಕೇಂದ್ರದ ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ. ನೋಂದಾಯಿತ ಕಟ್ಟಡ ಕಾರ್ಮಿಕರಿಗಾದರೂ ಹೆಂಡತಿಯ ಹೆರಿಗೆಯ ಹೊತ್ತಿಗೆ ಒಂದು ವಾರದ ಕೂಲಿಯನ್ನು ಕಲ್ಯಾಣ ಮಂಡಳಿಯಿಂದ ಕೊಡಿಸಲು ಕಾರ್ಮಿಕ ಇಲಾಖೆಗೆ ಶಿಫಾರಸು ಮಾಡಬೇಕು.

ಕೊನೆಯದಾಗಿ, ಯಾದಗಿರಿ, ರಾಯಚೂರು, ಕಲಬುರಗಿಗಳಿಂದ ದುಡಿಯಲು ಬೆಂಗಳೂರಿಗೆ ಗುಳೆ ಬರುವ ಅಪ್ಪಂದಿರು. ಅವರ ಪಾಲಿಗೆ ಊರಿನ ಸಭೆಯೂ ದೂರವೇ. ಕಟ್ಟಡ ಕೆಲಸ ನಡೆಯುವ ಜಾಗದಲ್ಲೇ ಸಂಜೆ ಸಭೆ ಸೇರಿಸಬೇಕು. ಗ್ರಾಮ ಪಂಚಾಯಿತಿಗಳ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರದಲ್ಲಿ ಮಗುವನ್ನು ಬಿಟ್ಟುಬಂದವರಿಗೆ ವಾರಕ್ಕೊಮ್ಮೆ ವಿಡಿಯೊ ಕರೆಯಲ್ಲಿ ಅದರ ಮುಖ ತೋರಿಸುವ ಏರ್ಪಾಡಾಗಬೇಕು. ಊರಿನ ಸಭೆಗಳನ್ನು ಈ ಮೂರು ಜಿಲ್ಲೆಗಳಲ್ಲಿ ಮೊದಲು ಜಾರಿಮಾಡಿ, ಎಷ್ಟು ಅಪ್ಪಂದಿರು ಬಂದರೆಂಬ ಲೆಕ್ಕವನ್ನು ಗ್ರಾಮಸಭೆಯ ಮುಂದಿಡಬೇಕೆಂದು ಕೋರಲಾಗಿದೆ.

ಇಂತಿ,
ಮನವಿದಾರರು