ತವರಿನಿಂದ ಬಂದ ಕೋಳಿಮರಿ

ತಿಕೋಟಾ, ಬಬಲೇಶ್ವರ ಕಡೆಯ ತವರಿಗೆ ಹೋದಾಗ ಮಕ್ಕಳು ಹಟ ಹಿಡಿದರೆಂದು ಬುಟ್ಟಿಯಲ್ಲಿ ನಾಲ್ಕು ಕೋಳಿಮರಿ ಹಾಕಿಕೊಂಡು ವಿಜಯಪುರಕ್ಕೆ ತರುತ್ತೇವೆ. ಎರಡು ದಿನ ಚಿಂವ್ ಚಿಂವ್ ಅಂತ ಓಡಾಡಿದ ಮರಿ ಮೂರನೇ ದಿನ ರೆಕ್ಕೆ ಜೋಲುಬಿಟ್ಟು ಮೂಲೆ ಸೇರುತ್ತದೆ. ಎತ್ತಿ ನೋಡಿದರೆ ಹಿಂಭಾಗಕ್ಕೆ ಹಿಕ್ಕೆ ಅಂಟಿ, ಗಟ್ಟಿಯಾಗಿ, ಮಲದ್ವಾರವೇ ಮುಚ್ಚಿರುತ್ತದೆ. "ದೃಷ್ಟಿ ಆಗೇತ್ರಿ" ಅಂತಾರೆ ಮನೆಯ ಹಿರಿಯರು. ಆದರೆ ಬಹಳ ಸಲ ಕಾರಣ ಥಂಡಿ, ಇಲ್ಲವೇ ದಾರಿಯ ಬಾಯಾರಿಕೆ.

ಹಳ್ಳಿಯಲ್ಲಿ ಹೇಂಟೆಯ ರೆಕ್ಕೆಯಡಿ ಸಿಗುವ ಕಾವು ನಮ್ಮ ಬಾಲ್ಕನಿಯ ರಟ್ಟಿನ ಡಬ್ಬಿಗೆ ಎಲ್ಲಿಂದ ಬರಬೇಕು? ಮೊದಲ ವಾರ ಮರಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಸಬಹುದು. ಮೊಟ್ಟೆಯ ಹಳದಿ ಮರಿಯ ಹೊಟ್ಟೆಯೊಳಗೆ ಉಳಿದು ಎರಡು-ಮೂರು ದಿನ ಆಹಾರವಾಗುತ್ತದೆ; ಥಂಡಿ ಹತ್ತಿದರೆ ಅದು ಸರಿಯಾಗಿ ಕರಗದೆ ಹೊಟ್ಟೆ ಕೆಡುತ್ತದೆ. ಎಲ್‌ಇಡಿ ಬಲ್ಬ್ ಹಾಕಿ ನಿಶ್ಚಿಂತರಾಗಬೇಡಿ, ಅದರಿಂದ ಬೆಳಕಷ್ಟೇ ಬರುತ್ತದೆ. ಹಳೆಯ ನಮೂನೆಯ 60 ವ್ಯಾಟಿನ ಬಲ್ಬನ್ನು ಡಬ್ಬಿಯ ಒಂದು ಬದಿಗೆ, ರಟ್ಟಿಗೆ ತಾಗದಂತೆ ತೂಗುಹಾಕಿ. ಮರಿಗಳು ಅದರಡಿ ಒತ್ತಿಕೊಂಡರೆ ಚಳಿ, ದೂರ ಸರಿದು ಬಾಯಿ ತೆರೆದು ತೇಕಿದರೆ ಸೆಕೆ. ಅತಿ ಸೆಕೆಯಿಂದಲೂ ಇದೇ ತೊಂದರೆ, ಹಾಗಾಗಿ ನಮ್ಮೂರಿನ ಏಪ್ರಿಲ್-ಮೇ ಬಿಸಿಲಲ್ಲಿ ಹಗಲು ಬಲ್ಬ್ ಬೇಡ. ರಾತ್ರಿ ಕರೆಂಟ್ ಹೋದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಇಡಿ.

ಬುಟ್ಟಿಯಿಂದ ಇಳಿಸಿದ ಕೂಡಲೇ ಕಾಳು ಹಾಕಬೇಡಿ. ಮೊದಲು ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರು. ಕೊಕ್ಕು ಅದ್ದಿ ತೋರಿಸಿ. ತಟ್ಟೆಯಲ್ಲಿ ನಾಲ್ಕು ಹರಳು ಹಾಕಿದರೆ ಮರಿ ಮುಳುಗುವುದಿಲ್ಲ. ಒಂದೆರಡು ತಾಸಾದ ಮೇಲೆ ಸಣ್ಣ ಜೋಳದ ನುಚ್ಚು, ಮರುದಿನದಿಂದ ಅಂಗಡಿಯ ಚಿಕ್ ಸ್ಟಾರ್ಟರ್. ಉಳಿದ ಅನ್ನ-ಸಾರು, ಭಜಿ ಚೂರು ಬೇಡವೇ ಬೇಡ.

ಅಂಟಿದ ಹಿಕ್ಕೆಯನ್ನು ಕೀಳಬೇಡಿ, ಚರ್ಮವೇ ಕಿತ್ತುಬಂದೀತು. ಬೆಚ್ಚಗಿನ ನೀರಿನ ಹತ್ತಿಯಿಂದ ನೆನೆಸಿ, ಮೆತ್ತಗೆ ಒರೆಸಿ, ಪೂರ್ತಿ ಒಣಗಿಸಿ. ಹೊಟ್ಟೆಯ ಕೆಳಗೆ ಹೊಕ್ಕುಳದ ಒಣ ತುಣುಕಿರುತ್ತದೆ, ಅದನ್ನು ಹಿಕ್ಕೆಯೆಂದು ಎಳೆದೀರಿ, ಜೋಕೆ! ಮನೆಯಲ್ಲಿರುವ ಭೇದಿ ಗುಳಿಗೆ ಪುಡಿಮಾಡಿ ಕುಡಿಸುವುದು ನನಗಂತೂ ಸರಿಕಾಣುವುದಿಲ್ಲ. ಎರಡು-ಮೂರು ವಾರದ ಮರಿಯ ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಬೇರೆಯೇ ರೋಗ, ಕಾಕ್ಸಿಡಿಯೋಸಿಸ್ ಇರಬಹುದು. ಒದ್ದೆ ಹಾಸಿನಲ್ಲಿ ಬೇಗ ಹಬ್ಬುತ್ತದೆ. ಹಾಸು ಬದಲಿಸಿ, ತಡಮಾಡದೆ ಪಶುವೈದ್ಯರಿಗೆ ತೋರಿಸಿ.

ಇನ್ನೊಂದು ಮಾತು. ಡಬ್ಬಿಯನ್ನು ಅಡುಗೆಮನೆಯಲ್ಲಿ ಇಡಬೇಡಿ, ಮರಿ ಮುಟ್ಟಿದ ಮಕ್ಕಳ ಕೈ ಸೋಪಿನಿಂದ ತೊಳೆಸಿ. ಹುಷಾರಾಗಿ ಕಾಣುವ ಮರಿಯಿಂದಲೂ ಸಾಲ್ಮೊನೆಲ್ಲಾ ಹರಡಿ ಮಕ್ಕಳಿಗೆ ವಾಂತಿ-ಭೇದಿ ಆಗಬಹುದು.

ರಾತ್ರಿ ಒಮ್ಮೆ ಎದ್ದು ಬಲ್ಬ್ ನೋಡೋದು ಆಗಲ್ಲ ಅನ್ನುವವರು ಮರಿಗಳನ್ನು ತಾಯಿಕೋಳಿಯ ಹತ್ತಿರವೇ ತಿಂಗಳೊಪ್ಪತ್ತು ಬಿಡಿ. ಪುಕ್ಕ ಬಲಿತ ಮೇಲೆ, ಮುಂದಿನ ಸಲ ತವರಿಗೆ ಹೋದಾಗ ತರಬಹುದು.