ಅಂಚೆಗೆ ಹಾಕದ ಪತ್ರಗಳು

ದೀಪಾವಳಿಗೆ ಮುಂಚೆ ಹಳೆಯ ಕಿರ್ದಿ-ಖಾತೆ ವಹಿಗಳನ್ನು ತೆಗೆದು ಧೂಳು ಝಾಡಿಸುವುದು ನಮ್ಮ ಅಂಗಡಿಯ ಪದ್ಧತಿ. ಈ ಸಲ ಟ್ರಂಕಿನ ತಳದಲ್ಲಿ ನಮ್ಮ ಅಕ್ಕ ಬರೆದಿದ್ದ ಪತ್ರಗಳ ಕಟ್ಟು ಸಿಕ್ಕಿತು. "ರದ್ದಿಗೆ ಹಾಕೂಣೇನ್ರಿ ಅಪ್ಪಾ?" ಎಂದು ಮಗ ಕೇಳಿದ. ಬೇಡವೆಂದೆವು. ಝರೀನಾ ಅವರ ಚಿತ್ರಗಳನ್ನು ನೋಡದಿದ್ದರೆ ಹೂಂ ಎನ್ನುತ್ತಿದ್ದೆವೇನೋ.

ಮುಂಬಯಿಯಲ್ಲಿ ಚಿತ್ರಕಲೆ ಕಲಿಯುವ ತಮ್ಮನ ಮಗಳು ಆ ಚಿತ್ರಗಳ ಪುಸ್ತಕ ತೋರಿಸಿದ್ದಳು. ಝರೀನಾ 1937ರಲ್ಲಿ ಅಲೀಗಢದಲ್ಲಿ ಹುಟ್ಟಿದವರು, ಇತಿಹಾಸದ ಪ್ರಾಧ್ಯಾಪಕರ ಮಗಳು. ಓದಿದ್ದು ಗಣಿತ. ಪ್ಯಾರಿಸಿನಲ್ಲಿ ಹೇಟರ್ ಎಂಬ ಗುರುಗಳ ಬಳಿ ತಗಡು ಕೊರೆದು ಅಚ್ಚು ತೆಗೆಯುವುದನ್ನು ಕಲಿತರು. ದೇಶ ಒಡೆದ ಕೆಲ ವರ್ಷಗಳ ಮೇಲೆ ಮನೆಯವರು ಕರಾಚಿಗೆ ಹೋದರು. ಇವರು ನ್ಯೂಯಾರ್ಕಿನಲ್ಲಿ ನೆಲೆಸಿದರು. 2020ರಲ್ಲಿ ತೀರಿಕೊಂಡರು.

1999ರಲ್ಲಿ ಮನೆಯ ನೆನಪಿನ ಮೇಲೆಯೇ 36 ಮರದಚ್ಚಿನ ಚಿತ್ರ ಮಾಡಿದರು. ಹೊಸ್ತಿಲು, ಬಾಗಿಲು, ಅಂಗಳ ಹೀಗೆ ಒಂದೊಂದಕ್ಕೂ ಒಂದು ಉರ್ದು ಶಬ್ದ. ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು 2004ರ ಎಂಟು ಹಾಳೆಗಳು. ಅವರ ಅಕ್ಕ ರಾಣಿ ಕರಾಚಿಯಿಂದ ತಂಗಿಗೆ ಪತ್ರ ಬರೆದು, ಅಂಚೆಗೆ ಹಾಕದೆ ಇಟ್ಟುಕೊಂಡಿದ್ದರಂತೆ. ತಂದೆತಾಯಿ ತೀರಿದ್ದು, ಮನೆ ಮಾರಿದ್ದು, ಎಲ್ಲ ಅದರಲ್ಲಿತ್ತು. ವರ್ಷಗಳ ಮೇಲೆ ಅವು ತಂಗಿಯ ಕೈಸೇರಿದವು. ಝರೀನಾ ಆ ಕೈಬರಹವನ್ನು ಲೋಹದ ಅಚ್ಚಿಗಿಳಿಸಿ, ಅದರ ಮೇಲೆ ಮರದಚ್ಚಿನಿಂದ ಮನೆಯ ನಕಾಶೆ, ಊರಿನ ನಕಾಶೆ ಒತ್ತಿದರು. ಕೆಳಗೆ ಅಕ್ಕನ ಮಾತು, ಮೇಲೆ ಗೋಡೆ. ಕಪ್ಪು ಗೆರೆ ಬಿದ್ದಲ್ಲಿ ಅಕ್ಷರ ಮುಚ್ಚಿಹೋಗಿದೆ.

ಇದು ಸುಲಭದ ಕೆಲಸವಲ್ಲ. ಅಂಗಡಿಯ ರಬ್ಬರ್ ಶಿಕ್ಕಾ ಕಂಡವರಿಗೆ ಗೊತ್ತು, ಅಕ್ಷರ ಉಲ್ಟಾ ಇದ್ದರೇನೇ ಕಾಗದದ ಮೇಲೆ ಸುಲ್ಟಾ ಬೀಳುವುದು. ಎರಡನೆಯ ಅಚ್ಚು ಒತ್ತುವಾಗ ಹಾಳೆ ನೂಲಿನಷ್ಟು ಸರಿದರೂ ಕೆಟ್ಟಿತು. ಕಿರ್ದಿಯಲ್ಲಾದರೆ ತಪ್ಪಿಗೆ ಗೆರೆ ಎಳೆಯಬಹುದು, ಕೊರೆದ ಮರಕ್ಕೆ ಏನು ಮಾಡುವುದು?

ನಮ್ಮ ಕಟ್ಟಿನಲ್ಲಿ 1983ರ ಒಂದು ಅಂತರ್ದೇಶೀಯ ಪತ್ರವಿತ್ತು. ಅಣ್ಣತಮ್ಮಂದಿರು ಪಾಲಾಗುವಾಗ ಹಳೆಯ ಮನೆ ಮಾರಬೇಡಿರೆಂದು ಅಕ್ಕ ಬರೆದಿದ್ದಳು. ನಾವು ಉತ್ತರ ಬರೆಯಲಿಲ್ಲ, ಮನೆ ಮಾರಿದೆವು. ಆ ಪತ್ರದ ಹಿಂದೆಯೇ ಪೆನ್ಸಿಲಿನಿಂದ ಆ ಮನೆಯ ನಕಾಶೆ ಬರೆಯಲು ಕುಳಿತೆವು. ಪಡಸಾಲೆ, ದೇವರ ಕೋಣೆ, ಹಗೆ ಎಲ್ಲ ಬಂತು. ಅಡಿಗೆಮನೆಯಿಂದ ಹಿತ್ತಲಿಗೆ ಹೋಗುವ ಬಾಗಿಲು ಎಲ್ಲಿತ್ತೆಂಬುದು ಮಾತ್ರ ನೆನಪಾಗಲಿಲ್ಲ. ಸಾಂಗಲಿಗೆ ಫೋನು ಹಚ್ಚಿ ಅಕ್ಕನನ್ನೇ ಕೇಳಿದೆವು.

"ಉತ್ತರ ಕೊಡಾಕ ಇಷ್ಟು ವರ್ಷ ಬೇಕಾತೇನೋ ತಮ್ಮಾ?" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಲಿ ಬಲಕ್ಕ" ಎಂದಳು.